ಸೂರಿ ಹಣ್ಣಿನ ಅಮಾವಾಸ್ಯೆ

ತಂಗಮಣಿ ದೇವರಿಗೆ ಹೆದರುವ ಹೆಂಗಸು. ಹಾಗಿದ್ದೂ ಒಂದು ವರ್ಷದಿಂದ ದೇವರ ಹೆಸರಿನಲ್ಲೇ ಸುಳ್ಳು ಹೇಳುತ್ತಿದ್ದಳು. ಮೊದಮೊದಲು ಸುಳ್ಳು ಹೇಳಿ ಮನೆಯಿಂದ ಹೊರಟವಳು ಬೀದಿಯ ತಿರುವಿನಲ್ಲಿ ನಿಂತು ಕೆನ್ನೆಗೆ ಬಡಿದುಕೊಳ್ಳುತ್ತಿದ್ದಳು. ಈಚೆಗೆ ಅದನ್ನೂ ಬಿಟ್ಟಿದ್ದಳು.

"ಸೌಡಮ್ಮನ ಕೋವಿಲ್‌ಗೆ ಹೋಗಿ ಬರ್ತೀನಿ" ಎನ್ನುವುದೇ ಆ ಸುಳ್ಳು. ಸೌಡಮ್ಮ ನೇಕಾರರ ಕುಲದೇವತೆ, ಕೋವಿಲ್ ಅಂದರೆ ಅವಳ ಗುಡಿ. ಪ್ರತಿ ಅಮಾವಾಸ್ಯೆ ಮಧ್ಯಾಹ್ನ, ಊಟ ಮುಗಿದು ಪಾತ್ರೆ ತೊಳೆದ ಮೇಲೆ, ಬುಟ್ಟಿಯಲ್ಲಿ ಒಂದು ತೆಂಗಿನಕಾಯಿ ಇಟ್ಟುಕೊಂಡು ಹೇಳುತ್ತಿದ್ದಳು. ಆ ಕಾಯಿಯನ್ನು ದಾರಿಯ ಬಂಡೆಯೊಂದಕ್ಕೆ ತಾನೇ ಕುಟ್ಟಿ ಎರಡು ಹೋಳು ಮಾಡಿಕೊಂಡು ಬರುತ್ತಿದ್ದಳು. ಮರುದಿನ ಮನೆಮಂದಿಯೆಲ್ಲ ಅದರ ಚಟ್ನಿಯನ್ನು ಪ್ರಸಾದವೆಂದು ಕಣ್ಣಿಗೆ ಒತ್ತಿಕೊಂಡು ದೋಸೆಗೆ ಹಚ್ಚಿಕೊಳ್ಳುತ್ತಿದ್ದರು. ಅವಳೂ ಒತ್ತಿಕೊಳ್ಳುತ್ತಿದ್ದಳು. ಯಾವುದಕ್ಕೂ ಇರಲಿ ಅಂತ.

ಕೊಯಮತ್ತೂರು ಜಿಲ್ಲೆಯ ಕರುಮತ್ತಂಪಟ್ಟಿಯ, ಮನೆಮಾತು ಕನ್ನಡವಾದ ನೇಕಾರರ ಬೀದಿಯಲ್ಲಿ ಅಮಾವಾಸ್ಯೆ ಅಂದರೆ ಮಗ್ಗಕ್ಕೆ ರಜ. ಉಳಿದ ದಿನಗಳಲ್ಲಿ ಪವರ್‌ಲೂಮಿನ ಸದ್ದು ಅಲ್ಲಿ ಗಾಳಿಯ ಹಾಗೆ ಎಲ್ಲ ಕಡೆ ಇರುತ್ತದೆ. ಆ ಸದ್ದಿನಲ್ಲಿ ಕೂಗಿ ಪ್ರಯೋಜನವಿಲ್ಲ, ತುಟಿ ಆಡಿಸಿದರೆ ಸಾಕು. ಈ ಮಹಡಿಯ ಹೆಂಗಸು ಆ ಮಹಡಿಯ ಹೆಂಗಸಿನ ಜೊತೆ ಒಂದು ದನಿಯೂ ಹೊರಡಿಸದೆ ಅರ್ಧ ಗಂಟೆ ನಾದಿನಿಯ ಮೇಲೆ ದೂರು ಹೇಳಬಲ್ಲಳು. ತಂಗಮಣಿಯ ಗಂಡ ಗುರುಸಾಮಿ ಈ ವಿದ್ಯೆಯಲ್ಲಿ ಪಂಡಿತ. ಮನೆಯ ಹಿಂದಿನ ಶೆಡ್ಡಿನಲ್ಲಿ ಮಗ್ಗಗಳ ನಡುವೆಯೇ ತಲೆ ಬೆಳ್ಳಗೆ ಮಾಡಿಕೊಂಡವನು. ಕಿವಿ ಎಂದೋ ಕೈ ಕೊಟ್ಟಿತ್ತು, ಕಣ್ಣೇ ಕಿವಿಯಾಗಿತ್ತು. ಎದುರಿಗಿದ್ದವರ ಬಾಯಿ ನೋಡುತ್ತ ಮಾತಾಡುತ್ತಿದ್ದ. ಕಣ್ಣು ಮುಚ್ಚಿದರೆ ಲೋಕವೇ ಮುಚ್ಚಿಹೋಗುತ್ತದೆಂದು ದೇವರ ಮುಂದೆ ಕೂಡ ಕಣ್ಣು ಬಿಟ್ಟುಕೊಂಡೇ ಕೈಮುಗಿಯುತ್ತಿದ್ದ.

ತುಟಿ ಓದುವವನಿಗೆ ದನಿಯ ನಡುಕ ಗೊತ್ತಾಗುವುದಿಲ್ಲ. ಸುಳ್ಳು ಹೇಳುವುದಾದರೆ ಇಂಥ ಗಂಡ ಸಿಗಬೇಕು.

ಸುಳ್ಳಿಗೆ ಕಾರಣ ಒಂದು ಮುಳ್ಳಿನ ಪೊದೆ. ಊರಾಚೆ, ಕಲ್ಲು ಒಡೆದು ಬಿಟ್ಟುಹೋದ ಹಳೆಯ ಗುಂಡಿಯ ದಂಡೆಯಲ್ಲಿ, ಕೋವಿಲ್‌ಗೆ ಹೋಗುವ ಕಾಲುದಾರಿಯ ಪಕ್ಕದಲ್ಲೇ ಅದು ಹಬ್ಬಿತ್ತು. ಸೂರಿ ಮುಳ್ಳು ಅನ್ನುತ್ತಾರೆ. ಮೆಣಸಿಗಿಂತ ಸ್ವಲ್ಪ ದಪ್ಪ ಹಣ್ಣು, ಮೊದಲು ಹಸಿರು, ಆಮೇಲೆ ಕೆಂಪು, ಹಣ್ಣಾದಾಗ ಮಿರಮಿರ ಕಪ್ಪು. ಬಾಯಿಗೆ ಹಾಕಿದರೆ ಹುಳಿ ಮೊದಲು ಬರುತ್ತದೆ, ಕಣ್ಣು ತಾನಾಗಿ ಮುಚ್ಚುತ್ತದೆ. ಕಣ್ಣು ಬಿಡುವಷ್ಟರಲ್ಲಿ ಸಿಹಿ ಬಂದಿರುತ್ತದೆ, ಕೊನೆಗೆ ನಾಲಿಗೆಯ ಮೇಲೆ ಒಂದಿಷ್ಟು ಒಗರು ಕೂತುಬಿಡುತ್ತದೆ. ತಿರುಳು ಅಂತ ಇರುವುದು ಹೆಸರಿಗೆ. ಬೀಜವೇ ಹೆಚ್ಚು. ಆ ಬೀಜವನ್ನು ಗುಂಡಿಯೊಳಗೆ ದೂರಕ್ಕೆ ಫೂ ಎಂದು ಉಗಿಯುವುದು ಹಣ್ಣಿಗಿಂತ ರುಚಿ ಎಂದು ತಂಗಮಣಿಯ ಅಭಿಪ್ರಾಯ. ಮೊಮ್ಮಕ್ಕಳನ್ನು ಕಾಣುವ ವಯಸ್ಸಿನ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಾರೂ ಇಲ್ಲದ ಬಯಲಿನಲ್ಲಿ, ಒಂದು ಬೀಜಕ್ಕಿಂತ ಇನ್ನೊಂದು ದೂರ ಹೋಯಿತೆಂದು ತಾನೇ ತನ್ನ ಜೊತೆ ಪಂದ್ಯ ಕಟ್ಟಿಕೊಂಡು ಗೆಲ್ಲುತ್ತಿದ್ದಳು.

ಇದನ್ನು ಮನೆಯಲ್ಲಿ ಹೇಳಲಾಗುತ್ತದೆಯೇ? ಮದುವೆಯಾದ ಹೊಸದರಲ್ಲಿ ಒಮ್ಮೆ ಗಂಡನ ಜೊತೆ ನಡೆಯುವಾಗ ಬೇಲಿಗೆ ಕೈ ಹಾಕಿ ಎರಡು ಹಣ್ಣು ಕಿತ್ತಿದ್ದಳು. "ಥೂ, ಆಡು ತಿನ್ನೋದನ್ನ ತಿಂತಿಯಾ? ಮಗ್ಗದ ಮನೆ ಹೆಂಗಸು ಬೇಲಿ ಮೇಯ್ತಾ ನಿಂತ್ರೆ ಊರು ಏನಂತದೆ?" ಅಂದಿದ್ದ ಗುರುಸಾಮಿ. ಆ ಮಾತು ಆಗಿ ಮೂವತ್ತು ವರ್ಷ ದಾಟಿದರೂ ಹಣ್ಣಿನ ಒಗರಿನ ಹಾಗೆ ಅವಳ ನಾಲಿಗೆಯ ಬುಡದಲ್ಲಿ ಉಳಿದಿತ್ತು. ಸಾಲದ್ದಕ್ಕೆ ಈಗ ಶುಗರ್ ಬೇರೆ ಬಂದಿತ್ತು. ಶುಗರ್ ಬಂದ ಹೆಂಗಸು ಮನೆಯಲ್ಲಿ ಕಳ್ಳಿಗಿಂತ ಕಡೆ. ಬಾಳೆಹಣ್ಣಿನ ಹತ್ತಿರ ಸುಳಿದರೆ ಮಗ ಭೂಪತಿ "ಅಮ್ಮಾ" ಅಂತ ಒಂದು ಥರ ಎಳೆದು ಕರೆಯುತ್ತಿದ್ದ. ಮಾವಿನ ಕಾಲದಲ್ಲಿ ಸೊಸೆ ನಿತ್ಯಾ ಫ್ರಿಜ್ಜಿನ ಬಾಗಿಲು ತೆರೆದ ಸದ್ದಾದರೆ ಸಾಕು, ಕೋಣೆಯಿಂದ ಎದ್ದು ಬರುತ್ತಿದ್ದಳು.

ನಿತ್ಯಾ ಒಳ್ಳೆಯ ಹುಡುಗಿ. ಅವಳ ದೋಷ ಒಂದೇ, ಫೋನಿನಲ್ಲಿ ಕಂಡದ್ದನ್ನೆಲ್ಲ ಅತ್ತೆಯ ಮೇಲೆ ಪ್ರಯೋಗ ಮಾಡುತ್ತಿದ್ದಳು. ಒಂದು ದಿನ ಪೊಟ್ಟಣವೊಂದು ಬಂತು. ಮೇಲೆ ಹಿಮದ ಬೆಟ್ಟದ ಚಿತ್ರ. ಒಳಗೆ ಇಲಿಯ ಹಿಕ್ಕೆಯ ಬಣ್ಣದ ಒಣಗಿದ ಕಾಳು.

"ಅತ್ತೆ, ಇದು ಕಾಡು ಬೆರ್ರಿ. ಕಣ್ಣಿಗೆ ಒಳ್ಳೇದು, ಹಾರ್ಟ್‌ಗೆ ಒಳ್ಳೇದು, ಶುಗರ್ ಏರಲ್ಲ. ಮುಪ್ಪೂ ಬೇಗ ಬರಲ್ವಂತೆ."

"ಮುಪ್ಪು ನಂಗೆ ಬಂದಾಯ್ತಲ್ಲ ಕಣ್ಣು," ಅಂದಳು ತಂಗಮಣಿ. ಪ್ರೀತಿಪಾತ್ರರನ್ನೆಲ್ಲ ಅವಳು ಕಣ್ಣು ಎಂದೇ ಕರೆಯುತ್ತಿದ್ದಳು. "ಇದು ಯಾವ ಬೇಲೀಲಿ ಬೆಳೀತದೆ?"

"ಬೇಲೀಲಾ? ಅಯ್ಯೋ ಅತ್ತೆ, ಇದು ಫಾರಿನ್."

ರಾತ್ರಿ ನೆನೆಹಾಕಿ ಬೆಳಿಗ್ಗೆ ಬರೀ ಹೊಟ್ಟೆಗೆ ಎಣಿಸಿ ಕೊಡುತ್ತಿದ್ದಳು. ನೆನೆದ ರಟ್ಟಿನ ರುಚಿ. ಬೀಜವೂ ಇಲ್ಲ ಉಗಿಯೋಣ ಅಂದರೆ. ತಂಗಮಣಿ ಅದನ್ನು ನೀರಿನ ಜೊತೆ ಮಾತ್ರೆಯ ಹಾಗೆ ನುಂಗಿ, ಅಮಾವಾಸ್ಯೆ ಎಂದು ಬರುತ್ತದೋ ಎಂದು ಕ್ಯಾಲೆಂಡರ್ ನೋಡುತ್ತಿದ್ದಳು. ಊರಾಚೆಯ ಹಣ್ಣು ಆಡಿನ ಮೇವು, ಊರು ಬಿಟ್ಟು ಬಂದ ಹಣ್ಣು ಔಷಧ. ಲೋಕನೀತಿ ಅದು, ಅವಳೊಬ್ಬಳು ತಿದ್ದಿದರೆ ತಿದ್ದುವಂಥದ್ದಲ್ಲ.

ಪೊದೆಯ ವಿಷಯದಲ್ಲಿ ಅವಳದೊಂದು ಕ್ರಮವಿತ್ತು. ಎಲ್ಲ ಕೊಂಬೆಯನ್ನೂ ಒಂದೇ ಸಲ ಬರಿದು ಮಾಡುತ್ತಿರಲಿಲ್ಲ. ಪೀಚು ಕಟ್ಟಿದ ಕೊಂಬೆಯನ್ನು ಮುಂದಿನ ಸಲಕ್ಕೆ ಬಿಡುತ್ತಿದ್ದಳು, ಗುರುತಿಗೆ ಒಂದು ತುಂಡು ನೂಲು ಕಟ್ಟುತ್ತಿದ್ದಳು. ನೂಲಿಗೇನು ಕೊರತೆ, ಮಗ್ಗದ ಮನೆಯ ಹೆಂಗಸಿನ ಸೀರೆ ಕೊಡವಿದರೆ ಕೆಂಪು ಹಳದಿ ಎಳೆಗಳು ಉದುರುತ್ತವೆ. ಕಟ್ಟುವಾಗ ಬೆರಳು ತಾನಾಗಿ ನೇಕಾರರ ಗಂಟನ್ನೇ ಹಾಕುತ್ತಿತ್ತು, ಮಗ್ಗದ ಹಾಸುನೂಲಿನಲ್ಲಿ ಎಳೆ ಹರಿದರೆ ಹಾಕುವ ಆ ಸಣ್ಣ ಗಂಟು. ಅವಳು ಬೇರೆ ಗಂಟು ಕಲಿತೇ ಇರಲಿಲ್ಲ.

ಕಾರ್ತೀಕದಲ್ಲಿ ಡಾಕ್ಟರ್ ಹತ್ತಿರ ಹೋದಾಗ ಶುಗರ್ ಇಳಿದಿತ್ತು. ಸ್ವಲ್ಪ ಸ್ವಲ್ಪ ಅಲ್ಲ, ಡಾಕ್ಟರ್ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡುವಷ್ಟು. ಏನು ಮಾಡಿದಿರಿ ಎಂದು ತಮಿಳಿನಲ್ಲಿ ಕೇಳಿದರು. ತಂಗಮಣಿ ಬಾಯಿ ತೆರೆಯುವ ಮೊದಲೇ ಉತ್ತರಗಳು ಬಂದವು. ಬೆರ್ರಿ ಎಂದಳು ನಿತ್ಯಾ. ಸೌಡಮ್ಮ ಎಂದ ಗುರುಸಾಮಿ.

"ಕೋವಿಲ್‌ಗೆ ಹೇಗೆ ಹೋಗ್ತಾರೆ?" ಎಂದರು ಡಾಕ್ಟರ್.

"ನಡೆದು. ಹೋಗಿ ಬರೋಕೆ ಇಡೀ ಮಧ್ಯಾಹ್ನ ಹಿಡೀತದೆ. ಈಚೆಗೆ ಅಮಾವಾಸ್ಯೆ ಮಾತ್ರ ಅಲ್ಲ, ಕರೆಂಟ್ ತೆಗೆದ ದಿನವೆಲ್ಲ ಹೋಗ್ತಾಳೆ. ಮಗ್ಗ ನಿಂತ್ರೆ ಸಾಕು, ಅವಳಿಗೆ ತಾಯಿ ನೆನಪು."

"ಹಾಗಾದ್ರೆ ತಾಯಿಯನ್ನು ಬಿಡಬೇಡಿ," ಎಂದು ಡಾಕ್ಟರ್ ನಕ್ಕರು. ಗುರುಸಾಮಿಯ ಎದೆ ಒಂದು ಗೇಣು ಮುಂದೆ ಬಂತು. ತಂಗಮಣಿಗೆ ಮಾತ್ರ ಕುರ್ಚಿಯ ಅಡಿಯಲ್ಲಿ ಯಾರೋ ಬಿಸಿನೀರು ಇಟ್ಟ ಹಾಗಾಯಿತು. ಸುಳ್ಳಿಗೆ ಈಗ ಡಾಕ್ಟರ ರುಜುವೂ ಬಿದ್ದಿತ್ತು.

ಸುದ್ದಿ ಬೀದಿಗೆ ಬರಲು ಎಷ್ಟು ಹೊತ್ತು? ಎದುರು ಮನೆಯ ವಿಜಯಕುಮಾರಿಗೆ ಮಹಡಿಯ ಮೇಲೆ ಬಟ್ಟೆ ಹರವುವಷ್ಟರಲ್ಲಿ ತುಟಿಯಿಂದ ತುಟಿಗೆ ತಲುಪಿತು. ಅವಳ ಮನೆಯಲ್ಲೊಂದು ಸಂಕಟವಿತ್ತು. ಮಗಳು ಬಂದ ಗಂಡನ್ನೆಲ್ಲ ಬೇಡ ಅನ್ನುತ್ತಿದ್ದಳು. ನಾನೂ ಕೋವಿಲ್‌ಗೆ ನಡೆದೇ ಹೋಗ್ತೀನಿ ಎಂದು ಹೊರಟ ವಿಜಯಕುಮಾರಿಗೆ ಅರ್ಧ ದಾರಿಯಲ್ಲಿ ಕಾಲು ನೋವು ಬಂತು. ಗುಂಡಿಯ ದಂಡೆಯಲ್ಲಿ ಕೂತಳು. ಕೂತವಳ ಕಣ್ಣಿಗೆ ಬಿದ್ದದ್ದು ಪೊದೆಯಲ್ಲಿ ಅಲ್ಲಲ್ಲಿ ತೂಗುತ್ತಿದ್ದ ಕೆಂಪು ಹಳದಿ ನೂಲು.

ಬೇರೆ ಊರಿನವರಾಗಿದ್ದರೆ ಗಾಳಿಗೆ ಹಾರಿಬಂದ ಕಸ ಅನ್ನುತ್ತಿದ್ದರು. ವಿಜಯಕುಮಾರಿ ನೇಕಾರರವಳು, ಮೊದಲು ಗಂಟು ನೋಡಿದಳು. ಇದು ನಮ್ಮವರ ಗಂಟು. ನಮ್ಮವರು ಯಾರೋ ಹರಕೆ ಕಟ್ಟಿದ್ದಾರೆ. ಹರಕೆ ಕಟ್ಟಿದ್ದಾರೆ ಅಂದಮೇಲೆ ಇಲ್ಲಿ ಯಾರೋ ಇದ್ದಾಳೆ. ಅವಳು ಅಲ್ಲೇ ಸೆರಗಿನ ಅಂಚಿನಿಂದ ಒಂದು ಎಳೆ ಎಳೆದು ಕಟ್ಟಿ, ಕೋವಿಲ್‌ವರೆಗೂ ಹೋಗುವ ಕಷ್ಟ ಉಳಿಯಿತೆಂದು ಮನೆಗೆ ಬಂದಳು. ಆ ವಾರವೇ ಮಗಳು ತಿರುಪ್ಪೂರಿನ ಬನಿಯನ್ ಕಂಪನಿಯ ಹುಡುಗನೊಬ್ಬನನ್ನು ಒಪ್ಪಿಬಿಟ್ಟಳು. ಎರಡು ವರ್ಷದಿಂದ ಅದೇ ಹುಡುಗನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು ಎನ್ನುವುದು ಬೇರೆ ಮಾತು.

ಮಾರ್ಗಳಿಯ, ಅಂದರೆ ಧನುರ್ಮಾಸದ, ಅಮಾವಾಸ್ಯೆಗೆ ತಂಗಮಣಿ ಹೋಗಿ ನೋಡುತ್ತಾಳೆ, ಪೊದೆಯ ಮುಂಭಾಗವೆಲ್ಲ ನೂಲು. ತನ್ನ ನೂಲು ಯಾವುದು, ಊರವರದು ಯಾವುದು ತಿಳಿಯದು. ಬುಡದಲ್ಲಿ ಅರಿಶಿನ ಬಳಿದ ಕಲ್ಲು, ಅದರ ಮೇಲೆ ಎರಡು ಚೆಂಡು ಹೂವು. ಹರಕೆಯ ನೂಲು ಕಟ್ಟಿದ ಕೊಂಬೆಯಿಂದ ಹಣ್ಣು ಕೀಳಬಾರದು, ಅದು ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿರುವ ಕಟ್ಟಳೆ. ಮಾಗಿದ ಹಣ್ಣು ಉದುರಿ ಇರುವೆ ಮುತ್ತಿತ್ತು. ತಂಗಮಣಿಗೆ ಅಳು ಬಂತು. ನಿಜವಾಗಿ ಬಂತು. ಚಿನ್ನ ಕಳೆದಾಗ ಅಳದವಳು ಇರುವೆ ತಿನ್ನುತ್ತಿದ್ದ ಹಣ್ಣು ನೋಡಿ ಮೂಗು ಒರೆಸಿಕೊಂಡಳು. ಮನೆಯಲ್ಲಿ ಮಗನಿಗೆ ಅಮ್ಮ, ಸೊಸೆಗೆ ಅತ್ತೆ, ಡಾಕ್ಟರಿಗೆ ಶುಗರ್, ಗಂಡನಿಗೆ ಅಡಿಗೆ. ಈ ಪೊದೆಯ ಹತ್ತಿರ ಮಾತ್ರ ಅವಳು ಬರೀ ತಂಗಮಣಿಯಾಗಿದ್ದಳು. ಅದನ್ನೂ ತಾಯಿಗೆ ಕೊಡಬೇಕಾಯಿತು.

ಸುತ್ತ ನೋಡಿದಳು, ಯಾರೂ ಇಲ್ಲ. ಪೊದೆಯ ಹಿಂದೆ, ನೂಲು ಕಟ್ಟದ ಕಡೆ ನುಗ್ಗಿದಳು. ಸೂರಿಯ ಮುಳ್ಳು ಒಳಕ್ಕೆ ಬಾಗಿರುತ್ತದೆ. ಕೈಯನ್ನು ನೆಂಟರ ಮನೆಯ ಹಾಗೆ ಸಂತೋಷದಿಂದ ಒಳಗೆ ಬಿಟ್ಟುಕೊಂಡು ಹೊರಡುವಾಗ ಹಿಡಿದು ಎಳೆಯುತ್ತದೆ. ಬೇರೆ ದಿನವಾದರೆ ನಿಧಾನವಾಗಿ ಬಿಡಿಸಿಕೊಳ್ಳುತ್ತಿದ್ದಳು. ಇಂದು ಭಯ, ಸಿಟ್ಟು, ಆಸೆ ಮೂರೂ ಸೇರಿ ಕೈ ಎಳೆದೆಳೆದು ಕಿತ್ತಳು. ಬೆರಳಿಂದ ಮೊಣಕೈವರೆಗೆ ಗೀರು, ಗೀರಿನಲ್ಲೆಲ್ಲ ರಕ್ತ. ಮತ್ತೆ ಸಿಗುತ್ತದೋ ಇಲ್ಲವೋ ಎಂದು ಎರಡು ಕೆನ್ನೆಯೂ ಉಬ್ಬುವಷ್ಟು ಹಣ್ಣನ್ನು ಒಟ್ಟಿಗೆ ಬಾಯಿಗೆ ತುಂಬಿದಳು.

"ಅಕ್ಕಾ?"

ತಿರುಗಿದರೆ ವಿಜಯಕುಮಾರಿ, ಕೈಯಲ್ಲಿ ಅರಿಶಿನದ ಪೊಟ್ಟಣ.

ನುಂಗೋಣವೆಂದರೆ ಬಾಯ್ತುಂಬ ಬೀಜ. ಉಗಿಯೋಣವೆಂದರೆ ಎದುರಿಗೆ ಅರಿಶಿನದ ಕಲ್ಲು. ಬಿಸಿ ತುಪ್ಪವಾಯಿತು ತಂಗಮಣಿಯ ಸ್ಥಿತಿ. ಹುಳಿಗೆ ಕಣ್ಣಲ್ಲಿ ನೀರು ಧಾರೆ, ತುಟಿಯ ಅಂಚಿನಲ್ಲಿ ಕಪ್ಪು ರಸ, ಬಾಯಿಂದ "ಉಂ… ಉಂ…" ಎಂಬ ಶಬ್ದ.

ಇಲ್ಲಿ ಒಂದು ವಿಷಯ ಹೇಳಬೇಕು. ಸೌಡಮ್ಮನನ್ನು ಕರೆಯುವಾಗ ನಮ್ಮ ಹುಡುಗರು ಕತ್ತಿಯಿಂದ ಎದೆಗೆ ತೋಳಿಗೆ ಹೊಡೆದುಕೊಂಡು "ತೀಸ್ಕೋ ತಾಯೇ", ಅಂದರೆ ತಗೋ ತಾಯೇ, ಎಂದು ಕೂಗುತ್ತಾರೆ. ರಕ್ತ ಚಿಮ್ಮಿದರೆ ತಾಯಿ ಒಪ್ಪಿದಳು ಎಂದು ಲೆಕ್ಕ. ಗಾಯಕ್ಕೆ ಬಂಡಾರ, ಅಂದರೆ ಅರಿಶಿನ, ಹಚ್ಚುತ್ತಾರೆ. ತೋಳಲ್ಲಿ ರಕ್ತ, ಕಣ್ಣಲ್ಲಿ ನೀರು, ಬಾಯಲ್ಲಿ ಮಾತಿಲ್ಲ. ಇದಕ್ಕಿಂತ ಸ್ಪಷ್ಟವಾಗಿ ಯಾವ ದೇವರು ತಾನೇ ಬರಬೇಕು? ವಿಜಯಕುಮಾರಿ ಇದ್ದ ಪೊಟ್ಟಣವನ್ನೆಲ್ಲ ತಂಗಮಣಿಯ ತೋಳಿಗೆ ಸುರಿದು, "ತೀಸ್ಕೋ ತಾಯೇ!" ಎಂದು ಕಾಲಿಗೆ ಬಿದ್ದಳು. ಅವಳು ಬಿದ್ದಲ್ಲಿಂದ ಏಳುವಷ್ಟರಲ್ಲಿ ತಂಗಮಣಿ ಬೀಜಸಮೇತ ಎಲ್ಲವನ್ನೂ ನುಂಗಿದ್ದಳು. ಆಮೇಲೆ ಎರಡು ದಿನ ಹೊಟ್ಟೆಯ ಪಾಡು ಕೇಳಬಾರದು.

"ವಿಜಯಾ, ಅದು ಹಾಗಲ್ಲ ಕಣ್ಣು…" ಎಂದು ಆಮೇಲೆ ಹೇಳಲು ನೋಡಿದಳು. ಹಾಗಲ್ಲವಾದರೆ ಹೇಗೆ? ಕೋವಿಲ್‌ಗೆ ಹೋಗದೆ ಇಲ್ಲಿ ಏನು ಮಾಡುತ್ತಿದ್ದೆ ಅನ್ನುವುದಕ್ಕೆ ಏನು ಹೇಳುವುದು? ಒಂದು ಸುಳ್ಳು ಕಟ್ಟಿದವಳು ಅದರ ಕೆಳಗೇ ಸಂಸಾರ ಮಾಡಬೇಕು. ಸೆರಗಿನಿಂದ ಬಾಯಿ ಒರೆಸಿಕೊಂಡು ಮನೆಯ ದಾರಿ ಹಿಡಿದಳು.

ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುವುದು ಇದಕ್ಕೇ ಇರಬೇಕು. ಸಂಕ್ರಾಂತಿಯ ತೈ ತಿಂಗಳು ಬರುವಷ್ಟರಲ್ಲಿ ಪೊದೆಗೆ ತಗಡಿನ ಚಪ್ಪರ ಎದ್ದಿತು, ಸುತ್ತ ಕಂಬಿ ಬೇಲಿ ಬಂತು. ಮುಳ್ಳಿನ ಪೊದೆಗೇ ಬೇಲಿ! 'ಸೂರಿಮುಳ್ಳು ಸೌಡಮ್ಮ' ಎಂದು ತಮಿಳಿನಲ್ಲಿ ಬರೆದ ಫಲಕ ನಿಂತಿತು. ಅದಕ್ಕೊಂದು ಕಮಿಟಿ, ಕಮಿಟಿಗೆ ಅಧ್ಯಕ್ಷ ಗುರುಸಾಮಿ. ಬೇರೆ ಯಾರಿಗೆ ಆ ಹಕ್ಕು? ತಾಯಿ ಬಂದದ್ದು ಅವನ ಹೆಂಡತಿಯ ಮೈಮೇಲೆ. ಮೂವತ್ತು ವರ್ಷದ ಹಿಂದೆ ಆಡಿನ ಮೇವು ಅಂದವನು ಈಗ ಬಿಳಿ ವೇಷ್ಟಿ ಉಟ್ಟು, ಒಬ್ಬೊಬ್ಬರಿಗೆ ಒಂದೊಂದೇ ಹಣ್ಣು ಪ್ರಸಾದವೆಂದು ನಿಯಮ ಮಾಡಿದ. ಸೂರಿ ಹಣ್ಣಿನ ಗುಣವನ್ನು ನಿತ್ಯಾ ಫೋನಿನಲ್ಲಿ ಹುಡುಕಿ ತೆಗೆದಳು. ಕಣ್ಣಿಗೆ ಒಳ್ಳೇದು, ಹಾರ್ಟ್‌ಗೆ ಒಳ್ಳೇದು, ಶುಗರ್ ಏರಲ್ಲ.

"ನೋಡಿ ಅತ್ತೆ, ನಮ್ಮೂರಲ್ಲೇ ಇತ್ತು! ನಮಗೇ ಗೊತ್ತಿರಲಿಲ್ಲ!" ಎಂದಳು.

ಊರಿಗೆಲ್ಲ ಒಳ್ಳೆಯದಾಯಿತು, ತಂಗಮಣಿಯೊಬ್ಬಳಿಗೆ ಬಿಟ್ಟು. ತಾಯಿ ಬರುವ ಮೈ ನಡೆಯಬಾರದು ಎಂದು ಭೂಪತಿ ಬೈಕಿನಲ್ಲಿ ಕರೆದುಕೊಂಡು ಹೋಗುತ್ತಿದ್ದ. ಮಗ್ಗ ನಿಂತ ದಿನವೆಲ್ಲ ಚಪ್ಪರದ ಕೆಳಗೆ ಮಣೆಯ ಮೇಲೆ ಕೂರಬೇಕು. ಹಣ್ಣು ಹಂಚುವ ಕೈ ಅವಳದು, ಆದರೆ ಹಂಚುವ ಕೈ ಬಾಯಿಗೆ ಹೋಗಬಾರದು, ವ್ರತ. ವ್ರತ ಮುಗಿದ ಮೇಲೆ ಭಕ್ತರು ತಂದ ಸಕ್ಕರೆ ಪೊಂಗಲನ್ನು ಬೇಡ ಅನ್ನಬಾರದು, ಅಪಚಾರ. ತೈ ಅಮಾವಾಸ್ಯೆಗೆ ಮೊದಲು ಡಾಕ್ಟರ್ ರಕ್ತ ನೋಡಿ ಮತ್ತೆ ಕನ್ನಡಕ ತೆಗೆದರು. ಈ ಸಲ ನಗಲಿಲ್ಲ.

"ಏನು ಬಿಟ್ಟಿರಿ?"

"ಏನೂ ಬಿಟ್ಟಿಲ್ಲ ಡಾಕ್ಟರ್," ಅಂದ ಗುರುಸಾಮಿ. "ಜಾಸ್ತೀನೇ ಮಾಡಿದೀವಿ. ಮೊದಲು ತಾಯಿ ಹತ್ತಿರ ಇವಳು ಹೋಗ್ತಿದ್ದಳು, ಈಗ ತಾಯೇ ಇವಳ ಹತ್ತಿರ ಬರ್ತಾಳೆ."

ಹೀಗೇ ಆದರೆ ಮುಂದಿನ ತಿಂಗಳಿಂದ ಸೂಜಿ ಎಂದರು ಡಾಕ್ಟರ್. ಇನ್ಸುಲಿನ್. ತಂಗಮಣಿ ಮನೆಗೆ ಬಂದು ಅಡಿಗೆಮನೆಯಲ್ಲಿ ಗೋಡೆಗೆ ಒರಗಿ ಕೂತಳು. ಸೂಜಿಯ ಭಯ ಇತ್ತು, ಇಲ್ಲವೆಂದಲ್ಲ. ಅದಕ್ಕಿಂತ ಹೆಚ್ಚಾಗಿ ಅವಳನ್ನು ಕೊರೆದದ್ದು ಒಂದೇ ವಿಚಾರ: ದಿನವೆಲ್ಲ ಹಣ್ಣಿನ ಪಕ್ಕದಲ್ಲಿ ಕೂತು ಒಂದೂ ತಿನ್ನದೆ ಸಾಯುವ ಹೆಂಗಸು ಈ ಕೊಯಮತ್ತೂರು ಜಿಲ್ಲೆಯಲ್ಲಿ ತಾನೊಬ್ಬಳೇ ಇರಬೇಕು. ಇನ್ನು ಸಾಕು. ಅಮಾವಾಸ್ಯೆಯ ದಿನ ಎಲ್ಲರ ಮುಂದೆ ಸತ್ಯ ಹೇಳಿಬಿಡುತ್ತೇನೆ, ಆಮೇಲೆ ಗಂಡ ಹೊಡೆದರೂ ಸರಿ, ಊರು ನಕ್ಕರೂ ಸರಿ ಎಂದು ನಿಶ್ಚಯ ಮಾಡಿದಳು.

ತೈ ಅಮಾವಾಸ್ಯೆಗೆ ಸೋಮನೂರಿನಿಂದಲೂ ಜನ ಬಂದಿದ್ದರು. ಉರುಮಿ ಬಾರಿಸುವವರು ಬಂದಿದ್ದರು. ವಿಜಯಕುಮಾರಿ ಮಗಳನ್ನೂ ಹೊಸ ಅಳಿಯನನ್ನೂ ಮುಂದಿನ ಸಾಲಿನಲ್ಲಿ ನಿಲ್ಲಿಸಿದ್ದಳು. ಪೊದೆಯ ತುಂಬ ಕಪ್ಪು ಹಣ್ಣು ಮಿರಮಿರ ಹೊಳೆಯುತ್ತಿತ್ತು. ತಂಗಮಣಿ ಮಣೆಯಿಂದ ಎದ್ದು ನಿಂತಳು. ತಾಯಿ ಮಾತಾಡುತ್ತಾಳೆ ಎಂದು ಯಾರೋ ಕೂಗಿದರು. ಉರುಮಿ ಇನ್ನಷ್ಟು ಜೋರಾಯಿತು, ಜನ ಕೈ ಮುಗಿದು ಕಣ್ಣು ಮುಚ್ಚಿದರು.

"ನಾನು ಕೋವಿಲ್‌ಗೆ ಒಂದು ದಿವಸವೂ ಹೋಗಿಲ್ಲ," ಅಂದಳು ತಂಗಮಣಿ. ದನಿ ನಡುಗಿತು. ಉರುಮಿಯ ಸದ್ದಿನಲ್ಲಿ ಅವಳಿಗೇ ಅವಳ ಮಾತು ಕೇಳಿಸಲಿಲ್ಲ. "ಹಣ್ಣು ತಿನ್ನೋಕೆ ಬರ್ತಿದ್ದೆ. ಅಷ್ಟೇ. ನೂಲು ಕಟ್ಟಿದ್ದು ಹರಕೆಗಲ್ಲ, ಗುರುತಿಗೆ. ಆವತ್ತು ಬಾಯಲ್ಲಿ ಇದ್ದದ್ದು ತಾಯಿ ಅಲ್ಲ, ಸೂರಿ ಹಣ್ಣು. ನನ್ನ ಪೊದೆ ನಂಗೆ ಬಿಡಿ."

ಯಾರಿಗೂ ಕೇಳಲಿಲ್ಲ. ತುಟಿ ಓದಬಲ್ಲ ಊರೇ ಎದುರಿಗಿತ್ತು, ಆದರೆ ಭಕ್ತಿಯಿಂದ ಎಲ್ಲರ ಕಣ್ಣು ಮುಚ್ಚಿತ್ತು. ಒಬ್ಬನದನ್ನು ಬಿಟ್ಟು.

ಗುರುಸಾಮಿ ಬೇಲಿಯ ಬಾಗಿಲಲ್ಲಿ ನಿಂತು ಒಂದೊಂದು ಮಾತನ್ನೂ ಓದಿದ. ಓದುತ್ತ ಓದುತ್ತ ಅವನ ಮುಖ ತೊಳೆದ ಬಟ್ಟೆಯ ಹಾಗೆ ಬಿಳುಪಾಯಿತು. ತಂಗಮಣಿ ಅವನನ್ನು ನೋಡಿದಳು. ಮುಗಿಯಿತು ಎಂದುಕೊಂಡಳು. ಅವನು ಚಪ್ಪರ ನೋಡಿದ, ಫಲಕ ನೋಡಿದ, ಕೈಮುಗಿದು ನಿಂತ ಊರು ನೋಡಿದ, ಕೊನೆಗೆ ಹೆಂಡತಿಯ ತೋಳಿನಲ್ಲಿ ಇನ್ನೂ ಆರದೆ ಇದ್ದ ಗೀರುಗಳನ್ನು ನೋಡಿದ. ಆ ಗೀರುಗಳಿಗೆ ಅವನು ತಾನೇ ಕೈಯಾರೆ ಬಂಡಾರ ಹಚ್ಚಿದ್ದ.

ಆಮೇಲೆ ಕೈ ಎತ್ತಿ ಉರುಮಿ ನಿಲ್ಲಿಸಿದ.

"ತಾಯಿ ಅಪ್ಪಣೆ ಆಯ್ತು!" ಎಂದು ಮಗ್ಗದ ಶೆಡ್ಡಿನ ದನಿಯಲ್ಲಿ ಕೂಗಿದ. "ಎಲ್ಲಾರೂ ಕೇಳಿ! ಇನ್ಮೇಲೆ ಅಮಾವಾಸ್ಯೆ ಮಧ್ಯಾಹ್ನ ಇಲ್ಲಿ ಒಂದು ನರಪಿಳ್ಳೆ ಇರಕೂಡದು. ಆ ಹೊತ್ತು ತಾಯೇ ಬಂದು ಹಣ್ಣು ತಿಂತಾಳೆ. ಪೂಜೆ ಪೊಂಗಲ್ ಎಲ್ಲಾ ಬೆಳಿಗ್ಗೆ ಮುಗಿಸ್ಕೊಳ್ಳಿ. ಇವಳನ್ನ ಬೈಕಲ್ಲಿ ಕರ್ಕೊಂಡು ಬರೋದೂ ತಾಯಿಗೆ ಇಷ್ಟ ಇಲ್ಲ. ನಡ್ಕೊಂಡೇ ಬರ್ಬೇಕಂತೆ!"

ಜನ ಕಣ್ಣು ಬಿಟ್ಟರು. "ಈಗ್ಲೇನಾ?" ಎಂದಳು ವಿಜಯಕುಮಾರಿ.

"ಈಗ್ಲೇ. ಹಸಿದಿದ್ದಾಳೆ."

ಇದು ಹೆಂಡತಿಯ ಮೇಲಿನ ಪ್ರೀತಿಯೋ, ಅಧ್ಯಕ್ಷಗಿರಿ ಹೋಗುವ ಭಯವೋ ಎಂದು ಕೇಳಿದರೆ ಗುರುಸಾಮಿಗೂ ಹೇಳಲು ಬರುತ್ತಿರಲಿಲ್ಲ. ಎರಡೂ ಇದ್ದರೆ ತಪ್ಪೇನು? ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಜನ ಹಿಂದೆ ತಿರುಗಿ ನೋಡದೆ ಹೊರಟರು, ತಾಯಿ ಊಟ ಮಾಡುವಾಗ ನೋಡಿದರೆ ಕಣ್ಣು ಹೋಗುತ್ತದೆ ಎಂದು ನಡುವೆ ಯಾರೋ ಸೇರಿಸಿದ್ದರು. ನಿತ್ಯಾ ಮಾತ್ರ ಹೋಗುತ್ತ ಹೋಗುತ್ತ "ಅತ್ತೆ, ಜಾಸ್ತಿ ವೇಂಡಾಂ, ಜಾಸ್ತಿ ಬೇಡ," ಎಂದು ದೂರದಿಂದಲೇ ತುಟಿಯಾಡಿಸಿದಳು.

ಬಯಲು ಖಾಲಿಯಾಯಿತು. ಗಾಳಿಗೆ ನೂಲುಗಳು ಅಲುಗಾಡಿದವು. ತಂಗಮಣಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆದರೆ ಕೈ ಹಾಕಲಿಲ್ಲ, ಗಂಡ ಇನ್ನೂ ಅಲ್ಲೇ ನಿಂತಿದ್ದ.

"ಹಾಗಾದ್ರೆ ಒಂದು ವರ್ಷ ನಾವು ತಿಂದ ಆ ಚಟ್ನಿ?" ಅಂದ.

"ತೆಂಗಿನಕಾಯಿ ಚಟ್ನಿ."

ಗುರುಸಾಮಿ ನಾಲಿಗೆಯಿಂದ ತುಟಿ ಸವರಿಕೊಂಡ. "ಚೆನ್ನಾಗೇ ಇತ್ತು," ಅಂದ. ಆಮೇಲೆ, "ಮುಂದಿನ ತಿಂಗಳು ಡಾಕ್ಟರ್ ಕೇಳಿದ್ರೆ ಏನಂತ ಹೇಳಲಿ?"

"ಕೋವಿಲ್‌ಗೆ ನಡ್ಕೊಂಡು ಹೋಗ್ತಾಳೆ ಅಂತ ಹೇಳಿ," ಅಂದಳು ತಂಗಮಣಿ, ಫಲಕದ ಕಡೆ ಗಲ್ಲ ತೋರಿಸಿ. "ಈಗ ಅದು ಸುಳ್ಳಲ್ಲವಲ್ಲ."

ಅವನು ಹೋಗುತ್ತಾನೆಂದು ಕಾದಳು. ಅವನು ಹೋಗಲಿಲ್ಲ, ವೇಷ್ಟಿ ಮಡಿಸಿ ಕಟ್ಟಿ ಬಂಡೆಯ ಮೇಲೆ ಕೂತು ಅಂಗೈ ಚಾಚಿದ. ತಂಗಮಣಿ ಪೊದೆಯೊಳಗೆ ಕೈ ಬಿಟ್ಟು, ಎಲೆಯ ಹಿಂದೆ ಬಿಸಿಲು ತಾಗದೆ ಮಾಗಿದ್ದ ಒಂದನ್ನು ಆರಿಸಿ, ಮುಳ್ಳಿಗೆ ಸಿಗದ ಹಾಗೆ ನಿಧಾನವಾಗಿ ತೆಗೆದು ಅವನ ಅಂಗೈಯಲ್ಲಿ ಇಟ್ಟಳು. ಗುರುಸಾಮಿ ಅದನ್ನು ಬಾಯಿಗೆ ಹಾಕಿದ. ಹುಳಿ ಬಂತು. ದೇವರ ಮುಂದೆ ಕೂಡ ಕಣ್ಣು ಮುಚ್ಚದವನು ಗಟ್ಟಿಯಾಗಿ ಕಣ್ಣು ಮುಚ್ಚಿದ.

ಈಗ ಅವನಿಗೆ ಏನೂ ಕೇಳಿಸದು ಎಂದು ತಂಗಮ‌ಣಿಗೆ ಗೊತ್ತಿತ್ತು. "ಇಷ್ಟು ಒಳ್ಳೆಯವರು ಅಂತ ಗೊತ್ತಿದ್ದಿದ್ರೆ," ಅಂದಳು, "ಮೊದಲನೇ ದಿವಸವೇ ಕೈ ಹಿಡ್ಕೊಂಡು ಇಲ್ಲಿಗೆ ಕರ್ಕೊಂಡು ಬರ್ತಿದ್ದೆ ರೀ." ದನಿ ಮತ್ತೆ ನಡುಗಿತು. ನಡುಗಲಿ ಎಂದು ಬಿಟ್ಟಳು.

ಸಿಹಿ ಬಂದಿರಬೇಕು, ಗುರುಸಾಮಿ ಕಣ್ಣು ಬಿಟ್ಟ. ಬೀಜವನ್ನು ಗುಂಡಿಯೊಳಗೆ ಉಗಿದ. ಅದು ಅವಳು ಉಗಿಯುವಷ್ಟು ದೂರ ಹೋಗಲಿಲ್ಲ. ಮತ್ತೆ ಅಂಗೈ ಚಾಚುತ್ತ ಅವಳ ತುಟಿ ನೋಡಿದ.

"ಏನೋ ಅಂದೆಯಲ್ಲ? ಏನಂದೆ?"

"ಒಬ್ಬರಿಗೆ ಒಂದೇ ಅಂದೆ," ಅಂದಳು ತಂಗಮಣಿ. "ನೀವೇ ಮಾಡಿದ ನಿಯಮ."